ಯಜಮಾನರ ಬ್ಯಾಗಿನಲ್ಲಿ ಸಿಕ್ಕ ಮುಲಾಮು

ಪ್ರಶ್ನೆ: ಅಕ್ಕಾ, ನಾವು ಸಿದ್ದಾಪುರದ ಹತ್ತಿರ ತೋಟದ ಲೈನ್ ಮನೆಯಲ್ಲಿದ್ದೇವೆ. ಯಜಮಾನರು ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ವರ್ಷಕ್ಕೆ ಎರಡು ಸಲ ಬರುತ್ತಾರೆ. ಈ ಸಲ ಬಟ್ಟೆ ಒಗೆಯೋಕೆ ತೆಗೆದಾಗ ಬ್ಯಾಗಿನಲ್ಲಿ ಮಾತ್ರೆ, ಮುಲಾಮು ಸಿಕ್ಕಿತು. ಕೇಳಿದರೆ ‘ಉಷ್ಣ, ಅಲ್ಲಿ ಹುಣ್ಣಾಗಿತ್ತು’ ಅಂದರು. ಅವರು ವಾಪಸ್ ಹೋಗಿ ಎರಡು ತಿಂಗಳಾಯ್ತು. ನನಗೇನೂ ತೊಂದರೆ ಇಲ್ಲ. ಆದರೂ ಎಚ್‌ಐವಿ ಭಯ. ನನಗೆ ಆಪರೇಷನ್ ಆಗಿದೆ, ಈಗ ಕಾಂಡೋಮ್ ಅಂದರೆ ನನ್ನ ಮೇಲೇ ಅನುಮಾನ ಪಡುತ್ತಾರೆ.
– ಹೆಸರು ಬೇಡ

ಉತ್ತರ: ತಂಗಿ, ಅವರು ಒಪ್ಪಿಕೊಳ್ಳಲಿ ಅಂತ ಕಾಯಬೇಡ, ಮೊದಲು ನಿನ್ನ ರಕ್ತ ಪರೀಕ್ಷೆ ಮಾಡಿಸು. ಹುಣ್ಣಾದವರಿಗೆಲ್ಲ ಎಚ್‌ಐವಿ ಇರುವುದಿಲ್ಲ. ಆದರೆ ಲೈಂಗಿಕ ಸೋಂಕಿನ ಹುಣ್ಣಿದ್ದರೆ ಎಚ್‌ಐವಿ ಸುಲಭವಾಗಿ ಅಂಟುತ್ತದೆ, ಮತ್ತೆ ಅಂಟಿದ ಮೇಲೂ ಎಷ್ಟೋ ವರ್ಷ ಮೈಯಲ್ಲಿ ಏನೂ ಗೊತ್ತಾಗದೆ ಇರಬಹುದು. ‘ನಾನು ಗಂಡನನ್ನು ಬಿಟ್ಟು ಇನ್ನೊಬ್ಬರನ್ನು ನೋಡಿದವಳಲ್ಲ’ ಅಂತ ಧೈರ್ಯದಲ್ಲಿದ್ದ ಎಷ್ಟೋ ಹೆಂಗಸರಿಗೆ ಗರ್ಭಿಣಿ ಆದಾಗ ಮಾಡಿಸಿದ ಪರೀಕ್ಷೆಯಲ್ಲೇ ವಿಷಯ ಗೊತ್ತಾಗಿದ್ದು. ಅವರದ್ದೇನು ತಪ್ಪು ಹೇಳು?

ಲೈನ್ ಮನೆಯಲ್ಲಿ ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತದೆ, ನಿನ್ನ ಕಷ್ಟ ಅರ್ಥವಾಗುತ್ತದೆ. ಶುಕ್ರವಾರ ಮಡಿಕೇರಿ ಸಂತೆಗೆ ಅಂತ ಹೇಳಿ ಬಸ್ ಹತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ‘ಐಸಿಟಿಸಿ ಎಲ್ಲಿ’ ಅಂತಷ್ಟೇ ಕೇಳು, ಅದು ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರ, ಯಾವ ಕಾಯಿಲೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ. ನಿನ್ನ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ, ವಿಷಯ ಹೊರಗೆ ಹೇಳುವ ಹಾಗೂ ಇಲ್ಲ, ಅದಕ್ಕೆ 2017ರ ಎಚ್‌ಐವಿ ಕಾಯ್ದೆಯೇ ಇದೆ. ಹುಣ್ಣಿನ ವಿಷಯವನ್ನೂ ಅಲ್ಲೇ ಹೇಳು, ಬೇರೆ ಸೋಂಕುಗಳಿಗೂ ನೋಡುತ್ತಾರೆ. ಈಗ ಒಂದು ಸಲ ಮಾಡಿಸು, ಯಜಮಾನರು ಹೋಗಿ ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದು ಸಲ. ಎರಡನೆಯದನ್ನು ಮಾತ್ರ ತಪ್ಪಿಸಬೇಡ.

ಇನ್ನು ಕಾಂಡೋಮ್. ಆಪರೇಷನ್ ಮಕ್ಕಳಾಗುವುದನ್ನು ತಡೆಯುತ್ತದೆ ಅಷ್ಟೇ, ಎಚ್‌ಐವಿಯನ್ನಲ್ಲ. ಆ ಮಾತನ್ನು ನೀನೇ ಎತ್ತುವುದು ಕಷ್ಟ ಅಲ್ವಾ? ಅಲ್ಲಿರುವ ಆಪ್ತಸಮಾಲೋಚಕರಿಗೆ ಎಲ್ಲ ಹೇಳಿಡು. ಯಜಮಾನರು ಊರಿಗೆ ಬಂದಾಗ ‘ಡಾಕ್ಟರ್ ಇಬ್ಬರನ್ನೂ ಬರಹೇಳಿದ್ದಾರೆ’ ಅಂತ ಕರೆದುಕೊಂಡು ಹೋಗು. ಅವರ ರಿಪೋರ್ಟ್ ಬರುವ ತನಕ ಕಾಂಡೋಮ್ ಇಲ್ಲದೆ ಬೇಡವೇ ಬೇಡ. ಹೊಡೆತದ ಭಯ ಇದ್ದರೆ ಅದನ್ನೂ ಆಪ್ತಸಮಾಲೋಚಕರ ಹತ್ತಿರ ಮುಚ್ಚಿಡಬೇಡ.

ಒಂದು ವೇಳೆ ಪಾಸಿಟಿವ್ ಬಂದರೂ ಜೀವನ ಮುಗಿಯಿತು ಅಂದುಕೊಳ್ಳಬೇಡ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದಿನಾ ತಪ್ಪದೆ ನುಂಗಿದರೆ ಕೂಲಿಗೂ ಹೋಗಬಹುದು, ಮಕ್ಕಳನ್ನೂ ಬೆಳೆಸಬಹುದು. ಬಸ್ ಹತ್ತುವ ಮುಂಚೆ ಏನಾದರೂ ಕೇಳಬೇಕು ಅನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು. ದುಡ್ಡು ಬೀಳುವುದಿಲ್ಲ. ತೋಟದಲ್ಲಿ ಊಟದ ಹೊತ್ತಿಗೆ ಸ್ವಲ್ಪ ದೂರ ಹೋಗಿ ಮಾತಾಡಿದರಾಯ್ತು.