ಓದುಗರ ಪ್ರಶ್ನೆ: ಡಾಲರ್ ಹಂಚಿಕೊಂಡು ಒಯ್ಯಬಹುದೇ?

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಮಗನನ್ನು ನೋಡಲು ಅಮೆರಿಕಕ್ಕೆ ಹೊರಟಿದ್ದೇವೆ. ನಿವೇಶನ ಮಾರಿದ ಹಣದಲ್ಲಿ 18,000 ಡಾಲರ್ ನಗದನ್ನು ಅವನಿಗೆ ಕೊಡುವ ಆಸೆಯಿದೆ. ತಲಾ 9,000 ಇಟ್ಟುಕೊಂಡರೆ ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು ಕೇಳುವಂತಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ದಯವಿಟ್ಟು ಆ ಸಲಹೆಯನ್ನು ಪಾಲಿಸಬೇಡಿ. ಅಮೆರಿಕದೊಳಕ್ಕೆ ಇಷ್ಟೇ ಹಣ ತರಬೇಕೆಂಬ ಮಿತಿ ಅಲ್ಲಿನ ಕಾನೂನಿನಲ್ಲಿ ಇಲ್ಲ. 10,000 ಡಾಲರ್ ಮೀರಿದರೆ ಫಿನ್‌ಸೆನ್ 105 ಎಂಬ ನಮೂನೆಯಲ್ಲಿ ಘೋಷಿಸಬೇಕು, ಅಷ್ಟೇ. ಒಂದೇ ಮನೆಯವರು ಒಟ್ಟಿಗೆ ಘೋಷಣೆ ಕೊಟ್ಟು ಪ್ರಯಾಣಿಸುವಾಗ ಎಲ್ಲರ ಹಣವನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ, ಟ್ರಾವೆಲರ್ಸ್ ಚೆಕ್ ಕೂಡ ಇದರಲ್ಲಿ ಸೇರುತ್ತದೆ. ಘೋಷಣೆ ತಪ್ಪಿಸಲೆಂದೇ ಹಣವನ್ನು ಹಂಚಿಕೊಳ್ಳುವುದು ತಾನಾಗಿಯೇ ಒಂದು ಅಪರಾಧ. ಬೇಕೆಂದೇ ಬಚ್ಚಿಟ್ಟು ಸಾಗಿಸಿದರೆ ಹಣ ಮುಟ್ಟುಗೋಲಾಗುವುದಲ್ಲದೆ ಐದು ವರ್ಷಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ.

ಅಧಿಕಾರಿಗಳ ಪ್ರಶ್ನೆಗಳು ಸರಳವಾಗಿಯೇ ಇರುತ್ತವೆ: ನಿಮ್ಮ ಬಳಿ ಎಷ್ಟು ಹಣವಿದೆ, ಅದು ಯಾರದು, ಎಲ್ಲಿಂದ ಬಂತು, ಯಾರಿಗೆ ಕೊಡುತ್ತೀರಿ. ಅನುಮಾನ ಬಂದರೆ ದಂಪತಿಯನ್ನು ಬೇರೆ ಬೇರೆಯಾಗಿ ಕೂರಿಸಿ ಇವನ್ನೇ ಮತ್ತೆ ಕೇಳಿ, ಇಬ್ಬರ ಮಾತೂ ಪರ್ಸಿನಲ್ಲಿರುವ ನೋಟುಗಳೂ ತಾಳೆಯಾಗುತ್ತವೆಯೇ ಎಂದು ನೋಡಬಹುದು. ಸಂಪಾದನೆ ನ್ಯಾಯವಾದದ್ದೇ ಆಗಿದ್ದರೂ, ಹೆದರಿ ಕಡಿಮೆ ಹೇಳಿದ ಮೊತ್ತವೇ ಅಲ್ಲಿ ನಿಮಗೆ ಮುಳುವಾಗುತ್ತದೆ. ಊರಿನ ಹಿರಿಯರು ಇಂಥ ಗಾಬರಿಗೆ ಸಿಲುಕಬಾರದೆಂಬುದೇ ನನ್ನ ಕಳಕಳಿ.

ಆದರೆ ನಿಮ್ಮ ತೊಡಕು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಶುರುವಾಗುತ್ತದೆ. ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದ ಪ್ರಕಾರ ಇಲ್ಲಿನ ನಿವಾಸಿ ಅಮೆರಿಕಕ್ಕೆ ಹೋಗುವಾಗ ತಲಾ 3,000 ಡಾಲರ್‌ವರೆಗಿನ ನೋಟುಗಳನ್ನು ಮಾತ್ರ, ಅದೂ ಬ್ಯಾಂಕು ಅಥವಾ ಅಧಿಕೃತ ವಿನಿಮಯದಾರರಿಂದ ಪಡೆದು, ಒಯ್ಯಬಹುದು. ಅದನ್ನು ಮೀರಿದ ನೋಟುಗಳನ್ನು ನಮ್ಮ ಕಸ್ಟಮ್ಸ್‌ನವರೇ ಜಪ್ತಿ ಮಾಡಬಹುದು. 1962ರ ಕಸ್ಟಮ್ಸ್ ಕಾಯ್ದೆಯ 108ನೆಯ ಕಲಮಿನಡಿ ಕರೆಸಿ ಹೇಳಿಕೆ ಪಡೆಯಬಹುದು, ಅಲ್ಲಿ ನಿಜವನ್ನೇ ಹೇಳುವುದು ಕಾನೂನಿನ ಕಟ್ಟುಪಾಡು. ಮೈ ತಪಾಸಣೆಗೆ ಮುನ್ನ ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯಿರೆಂದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಪತ್ನಿಯವರನ್ನು ಮಹಿಳೆಯೇ ತಪಾಸಣೆ ಮಾಡಬೇಕು.

ಮಗನಿಗೆ ಕೊಡುವ ಹಣವನ್ನು ಮಂಡ್ಯದ ನಿಮ್ಮ ಬ್ಯಾಂಕಿನಿಂದಲೇ ಕಳುಹಿಸಿ. ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಹಣಕಾಸು ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಪ್ಯಾನ್ ಮತ್ತು ಕ್ರಯಪತ್ರದ ನಕಲನ್ನು ಜೊತೆಗೊಯ್ಯಿರಿ. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.