1970ರ ಶೆವ್ರೊಲೆ ಶೆವೆಲ್ ಕಾರಿನ 454 ಘನ ಇಂಚಿನ ಬಿಗ್ ಬ್ಲಾಕ್ ಎಂಜಿನ್‌ನಿಂದ 650 ಹಾರ್ಸ್‌ಪವರ್ ಬೇಕು: ಎಂಥ ಎಂಜಿನ್ ಬಿಲ್ಡರ್ ಹತ್ತಿರ ಹೋಗಬೇಕು?

ಅಳತೆ ಬರೆದು ಕೊಡುವವರ ಹತ್ತಿರ. ಆ ವರ್ಷದ ಎಲ್‌ಎಸ್6 ಎಂಜಿನ್‌ಗೆ ಶೆವ್ರೊಲೆ ಹೇಳಿದ್ದೇ 450. ಅದರ ಮೇಲೆ ಇನ್ನೂ 200 ಎಂದರೆ ಸಣ್ಣ ತಪ್ಪಿಗೂ ಜಾಗವಿಲ್ಲ.

ನಾನು ಮೊದಲು ಕೇಳುವುದು ಸೋನಿಕ್ ಟೆಸ್ಟ್, ಅಂದರೆ ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವುದರ ಬಗ್ಗೆ. ಎರಕ ಹೊಯ್ಯುವಾಗ ಕೋರ್ (ಒಳಗಿನ ಅಚ್ಚು) ಸರಿದಿದ್ದರೆ ಸಿಲಿಂಡರ್ ಗೋಡೆ ಒಂದು ಕಡೆ ತೆಳ್ಳಗಿರುತ್ತದೆ. ಅದನ್ನು ಅಳೆಯದೆ ಬೋರ್ (ಸಿಲಿಂಡರ್ ರಂಧ್ರ) 0.060 ಇಂಚು ಹಿಗ್ಗಿಸಿದರೆ ಗೋಡೆ ಬಿರುಕು ಬಿಟ್ಟು ಕೂಲೆಂಟ್ ಒಳಗೆ ಇಳಿಯಬಹುದು. ಹೋನಿಂಗ್ (ಬೋರ್ ಒಳಮೈ ಉಜ್ಜಿ ಅಳತೆಗೆ ತರುವುದು) ಟಾರ್ಕ್ ಪ್ಲೇಟ್, ಅಂದರೆ ಹೆಡ್ ಬದಲು ಬಿಗಿಯುವ ದಪ್ಪ ತಟ್ಟೆ ಕಟ್ಟಿಯೇ ಆಗಬೇಕು. ಹೆಡ್ ಬೋಲ್ಟ್ ಬಿಗಿದಾಗ ಬೋರ್‌ನ ಆಕಾರ ಕೆಡುತ್ತದೆ. ಪ್ಲೇಟ್ ಇಲ್ಲದೆ ಹೋನ್ ಮಾಡಿದ್ದು ಜೋಡಿಸಿದ ಮೇಲೆ ಗುಂಡಗೆ ಉಳಿಯುವುದಿಲ್ಲ, ರಿಂಗ್ ಹಿಡಿಯುವುದಿಲ್ಲ, ಆಯಿಲ್ ಸುಡುತ್ತದೆ.

ಕ್ರ್ಯಾಂಕ್ ಶಾಫ್ಟ್ ಹೊರುವ ಮೇನ್ ಬೇರಿಂಗ್‌ಗೆ ಕ್ಲಿಯರೆನ್ಸ್ (ಆಯಿಲ್‌ಗೆ ಬಿಡುವ ಸಂದು) ಎಷ್ಟು ಇಡುತ್ತೀರಿ ಎಂದು ಕೇಳಿ. ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಶಾಫ್ಟ್ ಭಾಗ) 2.75 ಇಂಚು ಇರುವುದರಿಂದ ಉತ್ತರ 0.0025–0.003 ಇಂಚಿನ ಆಸುಪಾಸಿನಲ್ಲಿರಬೇಕು. ಬೋರ್ ಗೇಜ್, ಮೈಕ್ರೋಮೀಟರ್ ಬಿಟ್ಟು ಬರೀ ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದ ಅಗಲದಿಂದ ಸಂದು ಅಂದಾಜಿಸುವ ಮೆತ್ತನೆಯ ಎಳೆ) ನಂಬುವವರಾದರೆ ಬೇರೆಯವರನ್ನು ಹುಡುಕಿ.

ವಾಲ್ವ್ ತೆರೆಸುವ ಕ್ಯಾಮ್ ವಿಷಯದಲ್ಲಿ ಹೈಡ್ರಾಲಿಕ್ ರೋಲರ್ (ಲೋಬ್ ಮೇಲೆ ಉರುಳುವ ಚಕ್ರವಿರುವುದು) ಒಳ್ಳೆಯದು. ಲೋಬ್ ಮೇಲೆ ಉಜ್ಜುವ ಫ್ಲಾಟ್ ಟ್ಯಾಪೆಟ್ ಆದರೆ ಜಿಂಕ್ ಇರುವ ಬ್ರೇಕ್-ಇನ್ ಆಯಿಲ್ ಬೇಕು, ಸ್ಟಾರ್ಟ್ ಆದ ಕೂಡಲೇ 2,000 ಆರ್‌ಪಿಎಂ ಮೇಲೆ 20–30 ನಿಮಿಷ ಓಡಬೇಕು. ಐಡಲ್‌ನಲ್ಲಿ ಬಿಟ್ಟರೆ ಲೋಬ್ ಸವೆದು, ಲೋಹದ ಪುಡಿ ಬೇರಿಂಗ್‌ಗಳನ್ನೂ ತಿನ್ನುತ್ತದೆ. ಈ ಕೆಲಸ ಬಿಲ್ಡರ್ ಡೈನೋ (ಎಂಜಿನ್ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆಯೇ ಮುಗಿಸಿ ಕೊಡಲಿ.

ಮುಂಗಡ ಕೊಡುವ ಮೊದಲು ಪಾರ್ಟ್ ನಂಬರ್‌ಗಳ ಪಟ್ಟಿ, ಗಡುವು, ಡೈನೋದಲ್ಲಿ ಕೆಟ್ಟರೆ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ.