ಮನೋವಿಜ್ಞಾನದಲ್ಲಿ ಬಿ.ಎ. ಆಯಿತು, ಮುಂದೇನು?

ಪ್ರಶ್ನೆ: ಮನೋವಿಜ್ಞಾನ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿ ಈ ವರ್ಷ ಬಿ.ಎ. ಮುಗಿಸಿದ್ದೇನೆ. ಆರು ತಿಂಗಳ ಆನ್‌ಲೈನ್ ಕೌನ್ಸೆಲಿಂಗ್ ಸರ್ಟಿಫಿಕೇಟ್ ಪಡೆದರೆ ಸ್ವಂತ ಕ್ಲಿನಿಕ್ ತೆರೆಯಬಹುದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅಪ್ಪ ಬ್ಯಾಂಕ್ ಪರೀಕ್ಷೆಗೆ ಕಟ್ಟು ಎನ್ನುತ್ತಾರೆ. ಈ ಪದವಿಗೆ ಕೆಲಸವೇ ಇಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಕೆಲಸವಿದೆ. ಆದರೆ ಕ್ಲಿನಿಕ್ ತೆರೆಯುವ ಯೋಚನೆಯನ್ನು ಇವತ್ತೇ ಬಿಡಿ. ಸಾಯುವ ಯೋಚನೆ ಹೊತ್ತು ಬಂದವರ ಎದುರು ಆರು ತಿಂಗಳ ಸರ್ಟಿಫಿಕೇಟ್ ಹಿಡಿದು ಕೂರುವುದು ಅವರಿಗೆ ಮಾಡುವ ದ್ರೋಹ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು ಸ್ಪಷ್ಟವಾಗಿ ಹೇಳಿದೆ: ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಅರ್ಹತೆ ಇರಬೇಕು. ಇದುವರೆಗಿನ ರೂಢಿಯ ದಾರಿ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಕಲಿಯುವ ಎರಡು ವರ್ಷದ ಎಂ.ಫಿಲ್. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಎಂ.ಫಿಲ್. ಕೈಬಿಟ್ಟು, ಈ ವಿಷಯಕ್ಕೆ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರವರೆಗೆ ಅವಕಾಶ ಕೊಟ್ಟಿತ್ತು. ಹಾಗಾಗಿ ಎಂ.ಎ. ಸೇರುವ ಮೊದಲು, ಅದರ ನಂತರದ ಕೋರ್ಸ್ ಯಾವುದೆಂದು ಆರ್‌ಸಿಐ ಜಾಲತಾಣದಲ್ಲಿ ನೋಡಿಕೊಳ್ಳಿ. ಯಾವುದೇ ಸಂಸ್ಥೆಗೆ ಶುಲ್ಕ ಕಟ್ಟುವ ಮುನ್ನ ಅದರ ಹೆಸರು ಆರ್‌ಸಿಐ ಪಟ್ಟಿಯಲ್ಲಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಅಷ್ಟು ವರ್ಷ ಓದುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ನಾನು ಮೊದಲು ಹೇಳುವುದು ವಿಶೇಷ ಶಿಕ್ಷಣದ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ, ಬಿ.ಎಡ್. ಇದು ಎರಡು ವರ್ಷದ ಕೋರ್ಸ್, ಇದಕ್ಕೂ ಆರ್‌ಸಿಐ ಮಾನ್ಯತೆ ಬೇಕು. ಸೇರುವ ಮುಂಚೆ ಒಂದು ವರ್ಷ ಶಾಲೆಯಲ್ಲೋ ಥೆರಪಿ ಕೇಂದ್ರದಲ್ಲೋ ಶ್ಯಾಡೋ ಟೀಚರ್ ಆಗಿ, ಅಂದರೆ ಒಂದು ಮಗುವಿನ ಪಕ್ಕದಲ್ಲೇ ಇದ್ದು ನೆರವಾಗುವವರಾಗಿ, ದುಡಿದು ನೋಡಿ. ಆಟಿಸಂ ಇರುವ ಮಗುವೊಂದು ಶಾಲೆಯ ಗಂಟೆ ಕೇಳಿದ ಕೂಡಲೇ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತದೆ ಎಂದುಕೊಳ್ಳಿ. ಪಕ್ಕದಲ್ಲಿರುವ ಶ್ಯಾಡೋ ಟೀಚರ್ ಎರಡು ನಿಮಿಷ ಮೊದಲೇ ಚಿತ್ರದ ಕಾರ್ಡ್ ತೋರಿಸಿ ‘ಈಗ ಗಂಟೆ, ಆಮೇಲೆ ಊಟ’ ಎಂದು ತಿಳಿಸುತ್ತಾರೆ. ಮಗು ಎಷ್ಟು ಹೊತ್ತು ಕಿವಿ ಮುಚ್ಚಿತ್ತು, ಯಾವುದರಿಂದ ಸಮಾಧಾನವಾಯಿತು ಎಂದು ಬರೆದಿಡುತ್ತಾರೆ. ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪ್ರಚೋದನೆ, ಪ್ರತಿಕ್ರಿಯೆ, ಪುನರ್ಬಲನವೆಲ್ಲ ಅಲ್ಲಿ ಕಣ್ಣೆದುರು ನಡೆಯುತ್ತವೆ. ಸಂಬಳ ಆರಂಭದಲ್ಲಿ ಕಡಿಮೆಯೇ. ಆದರೆ ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದು ಆರು ತಿಂಗಳಲ್ಲಿ ತಿಳಿಯುತ್ತದೆ, ಅದು ಯಾವ ಕಾಲೇಜಿನಲ್ಲೂ ತಿಳಿಯುವಂಥದ್ದಲ್ಲ.

ನೀವು ಸಮಾಜಶಾಸ್ತ್ರವನ್ನೂ ಓದಿರುವುದರಿಂದ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎಂ.ಎಸ್.ಡಬ್ಲ್ಯು. ಕೂಡ ಹೊಂದುತ್ತದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆ ತಂಡಗಳಲ್ಲಿ ಮನೋವೈದ್ಯರ ಜೊತೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಇರುತ್ತಾರೆ. ರೋಗಿ ಮಾತ್ರೆ ಬಿಟ್ಟರೆ ಮನೆಗೆ ಹೋಗಿ, ಬಿಟ್ಟಿದ್ದೇಕೆ ಎಂದು ಮನೆಯವರ ಮಾತಿನಲ್ಲೇ ಕೇಳಿ ತಿಳಿಯಬೇಕಾದವರು ಅವರು. ಹಳ್ಳಿಯ ಕನ್ನಡ ಬಲ್ಲವರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಕಂಪನಿಗಳ ಮಾನವ ಸಂಪನ್ಮೂಲ ವಿಭಾಗ ಬೇಕೆಂದರೆ ಎಂ.ಬಿ.ಎ. ಅಥವಾ ಎಂ.ಎಸ್.ಡಬ್ಲ್ಯು. ಮಾಡಿಕೊಳ್ಳಿ. ಇನ್ನು ಅಪ್ಪನ ಮಾತು. ಬ್ಯಾಂಕ್ ಅಧಿಕಾರಿ ಹುದ್ದೆಯ ಸಾಮಾನ್ಯ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು, ಮನೆಯ ಪರಿಸ್ಥಿತಿ ಬಿಗಿಯಾಗಿದ್ದರೆ ಅದನ್ನು ಬರೆಯುವುದರಲ್ಲಿ ಸೋಲೇನಿಲ್ಲ. ಆ ಸರ್ಟಿಫಿಕೇಟ್‌ಗೆಂದು ಎತ್ತಿಟ್ಟ ಹಣವನ್ನು ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ಮನೋವಿಜ್ಞಾನದಲ್ಲಿ ಬಿ.ಎ. ಮಾಡಿ ಹನ್ನೆರಡು ವರ್ಷವಾಯಿತು. ಮದುವೆ, ಮಕ್ಕಳು ಎಂದು ಎಲ್ಲ ನಿಂತುಹೋಯಿತು. ಈಗ ಮತ್ತೆ ಓದಬಹುದೇ?
– ಗೃಹಿಣಿ, ಶಿರಸಿ

ಉತ್ತರ: ಖಂಡಿತ ಓದಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮನೋವಿಜ್ಞಾನ ಎಂ.ಎ. ಅನ್ನು ಮೊದಲು ಮನೆಯಲ್ಲಿದ್ದೇ ಓದಬಹುದಿತ್ತು; ಆದರೆ ದೂರಶಿಕ್ಷಣದಲ್ಲಿ ಮನೋವಿಜ್ಞಾನಕ್ಕೆ ಹೊಸ ಪ್ರವೇಶವನ್ನು ಯುಜಿಸಿ 2025ರಲ್ಲಿ ನಿಲ್ಲಿಸಿತು, ಹಾಗಾಗಿ ಕಾಲೇಜಿಗೆ ಹೋಗಿ ಓದುವ ಎಂ.ಎ. ನೋಡಿ. ಕಲಿಕಾ ತೊಂದರೆ ಇರುವ ಮಕ್ಕಳೊಡನೆ ಕೆಲಸ ಮಾಡುವ ಆಸೆಯಿದ್ದರೆ ಮೇಲೆ ಹೇಳಿದ ವಿಶೇಷ ಶಿಕ್ಷಣದ ಬಿ.ಎಡ್. ಒಳ್ಳೆಯದು. ಮಕ್ಕಳನ್ನು ಬೆಳೆಸಿದ ಈ ವರ್ಷಗಳನ್ನು ಖಾಲಿ ವರ್ಷಗಳೆಂದು ಅರ್ಜಿಯಲ್ಲಿ ಅಳುಕಿನಿಂದ ಬರೆಯಬೇಡಿ. ನಿಮ್ಮ ಊರಿನ ಶಾಲೆಯೊಂದರ ಮುಖ್ಯೋಪಾಧ್ಯಾಯರನ್ನು ಕಂಡು, ಓದಿನಲ್ಲಿ ಹಿಂದುಳಿದ ಇಬ್ಬರು ಮೂವರು ಮಕ್ಕಳಿಗೆ ವಾರಕ್ಕೆರಡು ದಿನ ಓದಿಸುವುದಾಗಿ ಕೇಳಿ. ಪ್ರವೇಶ ಸಂದರ್ಶನದಲ್ಲಿ ಹೇಳಿಕೊಳ್ಳಲು ನಿಮ್ಮದೇ ಅನುಭವ ಸಿಗುತ್ತದೆ.